ಸಂಕೇತಿ ಭಾಷೆ

ಸಂಕೇತಿಯು ಕರ್ನಾಟಕದ ಸಂಕೇತಿ ಬ್ರಾಹ್ಮಣರ ಮನೆಮಾತು. ಇವರ ಪೂರ್ವಜರು ತಮಿಳುನಾಡು-ಕೇರಳ ಗಡಿಯ ಸೆಂಗೋಟೆ ಸೀಮೆಯಿಂದ ನಾಚಾರಮ್ಮನೆಂಬ ವಿದುಷಿಯೊಡನೆ ವಲಸೆ ಬಂದರೆಂಬುದು ಸಮುದಾಯದ ಐತಿಹ್ಯ. ಕೌಶಿಕ ಮತ್ತು ಬೆಟ್ಟದಪುರ ಪ್ರಮುಖ ಪಂಗಡಗಳು. ಹಾಸನ ಜಿಲ್ಲೆಯ ರುದ್ರಪಟ್ಟಣ, ಶಿವಮೊಗ್ಗ ಬಳಿಯ ಮತ್ತೂರು, ಹೊಸಹಳ್ಳಿ ಹೆಸರಾಂತ ನೆಲೆಗಳು.

ತಮಿಳಿನ ತಳಹದಿಯ ಈ ನುಡಿಯಲ್ಲಿ ಮಲಯಾಳ, ಕನ್ನಡ, ಸಂಸ್ಕೃತಗಳು ಬೆರೆತಿವೆ. ಸ್ವಂತ ಲಿಪಿಯಿಲ್ಲ, ಬರವಣಿಗೆಗೆ ಕನ್ನಡ ಲಿಪಿ ಬಳಕೆಯಲ್ಲಿದೆ. ಪೂಜೆಗೆ ಸಂಸ್ಕೃತ, ಊರಿನ ವ್ಯವಹಾರಕ್ಕೆ ಕನ್ನಡ, ಮನೆಯೊಳಗೆ ಸಂಕೇತಿ ಎಂಬುದು ರೂಢಿ.

ಉತ್ತರ ಅಮೆರಿಕದ ಹುಟರೈಟ್ ಕ್ರೈಸ್ತರಲ್ಲಿಯೂ ಇಂತಹ ಹಂಚಿಕೆಯುಂಟು: ಪ್ರವಚನಕ್ಕೆ ಶಿಷ್ಟ ಜರ್ಮನ್, ಹೊರಗೆ ಇಂಗ್ಲಿಷ್, ತಮ್ಮೊಳಗೆ ಜರ್ಮನ್ ಉಪಭಾಷೆ. ಆದರೆ ಅವರು ಪ್ರತ್ಯೇಕ ವಸಾಹತುಗಳಲ್ಲಿ ಒಟ್ಟಾಗಿ ಬಾಳುತ್ತಾರೆ. ಜಯನಗರ, ಬನಶಂಕರಿಗಳಿಗೆ ಬಂದು ನೆಲೆಸಿದ ಸಂಕೇತಿ ಕುಟುಂಬಗಳ ಸುತ್ತ ಹಳೆಯ ಅಗ್ರಹಾರವಿಲ್ಲ. ಇಲ್ಲಿ ಭಾಷೆಯ ಉಳಿವು ಹಿರಿಯರು ಮಕ್ಕಳೊಡನೆ ಆಡುವ ಮಾತನ್ನೇ ಅವಲಂಬಿಸಿದೆ.