ಗಾಳದ ಅಳತೆಯಲ್ಲಿ ಹಿನ್ನೀರಿನ ಚರಿತ್ರೆ

ನರಸಿಂಹರಾಜಪುರದ ಹಿನ್ನೀರಿನಲ್ಲಿ ಗೆಂಡೆ ಮೀನಿಗೆ ಗಾಳ ಹಾಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮೀನಿನ ಬಾಯಿ ಎಂಥದ್ದು? ಗಾಳದ ಆಕಾರ, ಅಳತೆ ಎರಡೂ ಆ ಉತ್ತರವನ್ನೇ ಅವಲಂಬಿಸಿವೆ. ಈ ಊರಿನ ಸುತ್ತಲಿನ ನೀರಿನಲ್ಲಿರುವ ಬಾಯಿಗಳು ಕಳೆದ ಅರವತ್ತು ವರ್ಷಗಳಲ್ಲಿ ಬದಲಾಗಿವೆ. ಹಾಗಾಗಿ ಗಾಳದ ಡಬ್ಬಿಯನ್ನೂ ಒಂದು ದಾಖಲೆಯಂತೆ ಓದಬಹುದು.

ಕನ್ನಡ ನಾಡಿಗೆ ಗಾಳದ ವಿದ್ಯೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲಾರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಬಗೆಗಳು, ಅವಕ್ಕೆ ಹಾಕುವ ಆಹಾರ, ಗಾಳ ಹಿಡಿಯುವ ಕ್ರಮ ಎಲ್ಲವನ್ನೂ ಅದು ಹೇಳುತ್ತದೆ. ಮುಂದೆ 1873ರಲ್ಲಿ ಬ್ರಿಟಿಷ್ ಅಧಿಕಾರಿ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಲ್ಲಿ ಅಚ್ಚಾಯಿತು. ಅವನ ಮುಖ್ಯ ಆಸಕ್ತಿ ಮಹಶೀರ್. ಅದೂ ಗೆಂಡೆಯ ಕುಟುಂಬದ್ದೇ. ಈ ಕುಟುಂಬದ ಮೀನುಗಳಿಗೆ ದವಡೆಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲುಗಳಿರುವುದು ಗಂಟಲಲ್ಲಿ. ಹರಿವ ನೀರಿನಲ್ಲಿ ಬೆಳೆದ ಮಹಶೀರಿನ ಎಳೆತಕ್ಕೆ ತೆಳು ತಂತಿಯ ಗಾಳ ನೆಟ್ಟಗಾಗಿಬಿಡುತ್ತದೆ. ಹಾಗಾಗಿ ಅದಕ್ಕೆ ದಪ್ಪ ತಂತಿಯ ದೊಡ್ಡ ಗಾಳವೇ ಬೇಕು.

ಸ್ವಾತಂತ್ರ್ಯದ ಹೊತ್ತಿಗೆ ಲಕ್ಕವಳ್ಳಿಯಲ್ಲಿ ಶುರುವಾದ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡಿತು. ಗದ್ದೆ, ತೋಟ, ಊರುಗಳು ಮುಳುಗಿದವು. ಹರಿಯುವ ನದಿ ನಿಂತ ನೀರಾಯಿತು. ಅದೇ ಕಾಲದಲ್ಲಿ, 1957ರಲ್ಲಿ, ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದಿನಿಂದ ಗೆಂಡೆಗಳಲ್ಲಿ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ನಿಂತ ನೀರಿನಲ್ಲಿ ತಾವಾಗಿ ಸಂತಾನ ಬೆಳೆಸದ ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ದಕ್ಷಿಣದ ಜಲಾಶಯಗಳಿಗೆ ಬಿತ್ತುವುದು ಇದರಿಂದ ಸುಲಭವಾಯಿತು. ಹೊರದೇಶದಿಂದ ಬಂದ ಸಾಮಾನ್ಯ ಗೆಂಡೆಯೂ ಜೊತೆ ಸೇರಿತು.

ಹೊಸ ಮೀನು ಹೊಸ ಗಾಳ ಕೇಳಿತು. ಕಾಟ್ಲಾದ ಅಗಲ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲುನೀರಿನಲ್ಲಿ ಮೇಯುತ್ತದೆ. ಸಾಮಾನ್ಯ ಗೆಂಡೆ ಬಾಯಿಯನ್ನು ಕೆಳಕ್ಕೆ ಚಾಚಿ ಕೆಸರಿನಿಂದ ಆಹಾರ ಹೀರುತ್ತದೆ. ಗಟ್ಟಿಯಾದುದು ಸಿಕ್ಕರೆ ಉಗುಳಿಬಿಡುತ್ತದೆ. ಒಂದೆರಡು ಕಿಲೋ ತೂಗುವ ಇಂಥ ಮೀನಿಗೆ 6 ಅಥವಾ 8ನೇ ನಂಬರಿನ ಗಾಳ ಸಾಕು. ಹಿಟ್ಟಿನ ಉಂಡೆಗಾದರೆ ಕಡ್ಡಿ ಗಿಡ್ಡ, ಬಾಗು ಅಗಲವಿರಬೇಕು. ಎರೆಹುಳುವಿಗಾದರೆ ಉದ್ದ ಕಡ್ಡಿ ಅನುಕೂಲ. ದೊಡ್ಡ ಕಾಟ್ಲಾಕ್ಕೆ 2ರಿಂದ 1/0ವರೆಗೆ ಹೋಗಬಹುದು. ಈ ಲೆಕ್ಕ ತಿರುಗಮುರುಗ: ನಂಬರು ಏರಿದಂತೆ ಗಾಳ ಸಣ್ಣದಾಗುತ್ತದೆ, 1 ದಾಟಿ 1/0, 2/0 ಎಂದು ಹೋದರೆ ದೊಡ್ಡದಾಗುತ್ತದೆ. ಒಂದೇ ನಂಬರಿನ ಗಾಳವಾದರೂ ಕಂಪನಿಯಿಂದ ಕಂಪನಿಗೆ ಅಳತೆಯಲ್ಲಿ ತುಸು ವ್ಯತ್ಯಾಸವಿರುತ್ತದೆ, ಆದ್ದರಿಂದ ಕಣ್ಣಳತೆ ಮುಖ್ಯ.

ಮಳೆಗಾಲ ಹಿಡಿದಾಗ ಹಳೆಯ ನದಿಮೀನುಗಳು ಮೊಟ್ಟೆ ಹೊತ್ತು ಹಳ್ಳಗಳಿಗೆ ಏರುತ್ತವೆ. ಮಲೆನಾಡಿನವರು ಹತ್ತುಮೀನು ಎನ್ನುವುದು ಇವನ್ನೇ. ಬಿತ್ತಿದ ಕಾಟ್ಲಾ ಮುಗಿದರೆ ಇಲಾಖೆ ಮತ್ತೆ ಮರಿ ಬಿಡಬಹುದು, ಹತ್ತುಮೀನಿಗೆ ಆ ಆಸರೆಯಿಲ್ಲ. ಪಕ್ಕದ ಶೃಂಗೇರಿಯಲ್ಲಿ ಮಠದೆದುರಿನ ತುಂಗೆಯ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ, ಅಲ್ಲಿ ಕಾಯುವುದು ಭಕ್ತಿ. ಹಿನ್ನೀರಿನಲ್ಲಿ ಅಂಥ ಕಾವಲು ಇಲ್ಲ. ಅಲ್ಲಿ ಮರಿಮೀನು ಉಳಿಯುವುದು, ಗಾಳ ಹಾಕುವವನು ಒಂದು ಅಳತೆ ದೊಡ್ಡ ಗಾಳ ಕಟ್ಟಿದಾಗ. ನದಿಯ ಹಳೆಯ ಸಂತತಿ ಉಳಿಯುವುದು, ಮೊದಲ ಮಳೆಯ ವಾರಗಳಲ್ಲಿ ಅವನು ಹಳ್ಳದ ಬಾಯಿಯನ್ನು ಬಿಟ್ಟುಕೊಟ್ಟಾಗ.