ಅತಿಥಿ ಬಾಡಿಗೆದಾರನಾದಾಗ

ಕುಂದಗೋಳದ ನಾಡಿಗೇರ ವಾಡೆ ಸಂಗೀತಪ್ರಿಯರಿಗೆಲ್ಲ ಪರಿಚಿತ. ಉಸ್ತಾದ್ ಅಬ್ದುಲ್ ಕರೀಂ ಖಾನರು ಈ ಭಾಗಕ್ಕೆ ಬಂದಾಗ ಅಲ್ಲಿ ತಂಗುತ್ತಿದ್ದರು. ಅವರ ಶಿಷ್ಯ ಸವಾಯಿ ಗಂಧರ್ವರ ಮನೆಯಲ್ಲಿ 1930ರ ದಶಕದಲ್ಲಿ ಭೀಮಸೇನ ಜೋಶಿಯವರು ಇದ್ದುಕೊಂಡೇ ಕಲಿತರು. ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಯಜಮಾನನ ಇಚ್ಛೆಗೆ ಬಿಟ್ಟ ವಿಚಾರ. ಬಾಡಿಗೆಯ ಮಾತೇ ಇಲ್ಲದ್ದರಿಂದ ಸರಕಾರದ ಮಾತೂ ಅಲ್ಲಿ ಬರುತ್ತಿರಲಿಲ್ಲ.

ಹಣ ಕೈ ಬದಲಾದೊಡನೆ ಪರಿಸ್ಥಿತಿ ಬೇರೆಯಾಗುತ್ತದೆ. ಬ್ರಿಟಿಷ್ ಆಡಳಿತ 1867ರಲ್ಲಿ ತಂದ ಸರಾಯಿ ಕಾಯ್ದೆ ಇದಕ್ಕೊಂದು ಹಳೆಯ ನಿದರ್ಶನ. ಪ್ರಯಾಣಿಕರು ತಂಗುವ ಕಟ್ಟಡವೆಲ್ಲ ಅದರ ದೃಷ್ಟಿಯಲ್ಲಿ ಸರಾಯಿ. ಕಟ್ಟಡದ ಒಂದು ಭಾಗವನ್ನಷ್ಟೇ ಹಾಗೆ ಬಳಸಿದರೆ ಆ ಭಾಗ ಮಾತ್ರ ಸರಾಯಿ. ನಡೆಸುವವನು ಮ್ಯಾಜಿಸ್ಟ್ರೇಟರ ದಫ್ತರದಲ್ಲಿ ಹೆಸರು ನೋಂದಾಯಿಸಬೇಕು, ಜಾಗ ಶುಚಿಯಾಗಿಡಬೇಕು, ಸಾಂಕ್ರಾಮಿಕ ರೋಗಿ ಬಂದರೆ ತಿಳಿಸಬೇಕು, ದರಪಟ್ಟಿ ತೂಗುಹಾಕಬೇಕು. ಮನೆ ಮನೆಯವನದೇ; ಆದರೆ ಬಾಡಿಗೆಗೆ ಕೊಟ್ಟ ಕೋಣೆಯ ಮಟ್ಟಿಗೆ ಊರಿಗೂ ಒಂದು ಮಾತಿದೆ ಎಂಬುದು ಇದರ ತಿರುಳು. ಕುಂದಗೋಳವಾದರೋ ಆಗ ಜಮಖಂಡಿ ಸಂಸ್ಥಾನದ ನೆಲ. ಮುಂಬಯಿ ಪ್ರಾಂತಕ್ಕೆ ಅದು ಸೇರಿದ್ದು 1948ರಲ್ಲಿ.

ಸ್ವತಂತ್ರ ಭಾರತದ ಸಂವಿಧಾನ ಮೊದಲು ಆಸ್ತಿಯನ್ನು ಮೂಲಭೂತ ಹಕ್ಕೆಂದೇ ಬಗೆಯಿತು. 1978ರ 44ನೇ ತಿದ್ದುಪಡಿಯಿಂದ ಆ ಸ್ಥಾನ ಹೋಯಿತು. ಉಳಿದದ್ದು 300-ಎ ವಿಧಿ: ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಹಾಗಾದರೆ ಕಾನೂನು ಇದ್ದೂ ಅದು ಮಾಲೀಕನಿಗೆ ತಡವಾಗಿ ಮುಟ್ಟಿದರೆ?

ಈ ಪ್ರಶ್ನೆಗೆ ಕರ್ನಾಟಕದಲ್ಲಿ ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡಿಗಿಂತ ಕಟುವಾದ ಉದಾಹರಣೆ ಸಿಗಲಾರದು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 1988ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಸುತ್ತಲಿನ ಪ್ರದೇಶವನ್ನು ಸಂರಕ್ಷಿತವೆಂದು ಸಾರಿತು. ತುಂಗಭದ್ರೆ ಸುತ್ತುವರಿದ ಆ ಗಡ್ಡಿಯಲ್ಲಾದರೋ ಮುಂದೆ ಪ್ರವಾಸಿಗರಿಗಾಗಿ ಕೊಠಡಿಗಳು, ಊಟದ ಮನೆಗಳು ಏಳುತ್ತಲೇ ಹೋದವು. ತೆರವಿಗೆ ಪ್ರಾಧಿಕಾರ ಮುಂದಾದಾಗ ಮಾಲೀಕರು ಕೋರ್ಟಿಗೆ ಹೋದರು. ಅಧಿಸೂಚನೆ ಸ್ಮಾರಕಗಳಿಗೆ ಸಂಬಂಧಿಸಿದ್ದು, ಗಡ್ಡಿ ಅದರಲ್ಲಿ ಬರುವುದಿಲ್ಲ ಎಂಬುದು ಅವರ ವಾದ. 2015ರಲ್ಲಿ ಹೈಕೋರ್ಟು, 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿದವು. ಅನುಮತಿಯಿಲ್ಲದೆ ಕಟ್ಟಿದ್ದೆಲ್ಲ ಅಕ್ರಮವೆಂದಾಯಿತು. ಮಾರ್ಚಿನಲ್ಲಿ ಬುಲ್ಡೋಜರುಗಳು ಬಂದವು.

ಸ್ಮಾರಕಗಳ ದೃಷ್ಟಿಯಿಂದ ತೀರ್ಪನ್ನು ತಪ್ಪೆನ್ನಲಾಗದು. ಆದರೆ ಅಧಿಸೂಚನೆಗೂ ತೆರವಿಗೂ ನಡುವೆ 31 ವರ್ಷ ಕಳೆದಿದ್ದವು. ನಿಯಮ ಕಟ್ಟುವ ದಿನ ಬಂದು ನಿಲ್ಲಲಿಲ್ಲ, ಕೆಡಹುವ ದಿನ ಬಂತು. ಅಷ್ಟರಲ್ಲಿ ಸಾಲ ಮಾಡಿ ಹಾಕಿದ ಬಂಡವಾಳಕ್ಕೂ ಅಡಿಗೆ, ದೋಣಿ, ಬಾಡಿಗೆ ಸೈಕಲ್ಲುಗಳನ್ನು ನಂಬಿದ ಬದುಕಿಗೂ ಉತ್ತರ ಹೇಳುವವರಿರಲಿಲ್ಲ.

ಇದು ನಮ್ಮಲ್ಲಿಯ ಪ್ರಶ್ನೆ ಮಾತ್ರವಲ್ಲ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಾಯಿಸಿಕೊಳ್ಳಲೇಬೇಕೆಂದು ಬಿಗಿ ಮಾಡಿತು. ಮನೆಯವರು ಅದೇ ಮನೆಯಲ್ಲಿರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಊರಿನವರಿಗೇ ಬಾಡಿಗೆ ಮನೆ ಸಿಗದೆ ಹೋದೀತೆಂಬ ಆತಂಕ ಇದರ ಹಿಂದಿದೆ.

ಉತ್ತರ ಕರ್ನಾಟಕದ ಹಳೆಯ ವಾಡೆಗಳ ತೊಲೆ, ಮಾಳಿಗೆಗಳನ್ನು ಉಳಿಸಿಕೊಳ್ಳಲು ಹಣ ಬೇಕು. ಎರಡು ಕೋಣೆ ಪ್ರವಾಸಿಗರಿಗೆ ಕೊಟ್ಟರೆ ಆ ಹಣ ಹುಟ್ಟೀತು. ಅದಕ್ಕೆ ಕಟ್ಟುಪಾಡು ಇರುವುದು ನ್ಯಾಯವೇ. ಆದರೆ ಅದು ಮೊದಲೇ, ಕನ್ನಡದಲ್ಲಿ, ಪಂಚಾಯಿತಿಯ ಗೋಡೆಯ ಮೇಲೆ ಕಾಣಿಸಬೇಕು. 1867ರ ಕಾಯ್ದೆ ಸರಾಯಿಯವನಿಗೆ ದರಪಟ್ಟಿ ತೂಗುಹಾಕಲು ಹೇಳಿತ್ತು. ನಿಯಮಗಳನ್ನು ತೂಗುಹಾಕುವ ಹೊಣೆ ಸರಕಾರದ್ದು.