ಕತ್ತಲಲ್ಲಿ ತೆರೆದ ಮಸೂರ

ಹಿನ್ನೆಲೆಯನ್ನು ಮಸುಕಾಗಿಸಿ ಮುಖವನ್ನಷ್ಟೇ ಎತ್ತಿ ತೋರಿಸಲು ಇಂದಿನ ಛಾಯಾಗ್ರಾಹಕರು ಮಸೂರದ ರಂಧ್ರವನ್ನು ಪೂರ್ತಿ ತೆರೆಯುವುದುಂಟು. ಇದು ಅವರವರ ಅಭಿರುಚಿಗೆ ಬಿಟ್ಟ ಮಾತು. ಆದರೆ ಒಂದು ಕಾಲದಲ್ಲಿ ಹಾಗೆ ತೆರೆಯದೆ ಬೇರೆ ದಾರಿಯೇ ಇರಲಿಲ್ಲ.

1920ರ ದಶಕದಲ್ಲಿ ಮಬ್ಬು ಬೆಳಕಿನ ಕೋಣೆಯಲ್ಲಿ ಚಿತ್ರ ತೆಗೆಯಲು ಸಾಮಾನ್ಯವಾಗಿ ಮೆಗ್ನೀಸಿಯಂ ಪುಡಿ ಉರಿಸಬೇಕಿತ್ತು. ಭಗ್ಗನೆ ಬೆಳಕು, ಹಿಂದೆಯೇ ಹೊಗೆ. ಎದುರಿಗಿದ್ದವರು ಎಚ್ಚೆತ್ತು ಸೆಟೆದು ಕೂರುತ್ತಿದ್ದರು. ಇದನ್ನು ಬದಲಿಸಿದ್ದು 1924ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಿಂದ ಬಂದ ಎರ್ಮನಾಕ್ಸ್ ಎಂಬ ಪುಟ್ಟ ಕ್ಯಾಮೆರಾ. ಲುಡ್ವಿಗ್ ಬರ್ಟೆಲೆ ರೂಪಿಸಿದ ಅದರ ಮಸೂರದ ಅಳತೆ ಎಫ್/2. ಅಂದರೆ ರಂಧ್ರದ ವ್ಯಾಸ ಸಂಗಮ ದೂರದ ಅರ್ಧದಷ್ಟು. ಎಫ್/4ಕ್ಕೆ ಹೋಲಿಸಿದರೆ ಇದರೊಳಗೆ ನಾಲ್ಕು ಪಟ್ಟು ಬೆಳಕು ಬರುತ್ತದೆ.

ಕಾನೂನು ಓದಿದ್ದ ಎರಿಕ್ ಸಾಲೊಮನ್ 1928ರಲ್ಲಿ ಈ ಕ್ಯಾಮೆರಾವನ್ನು ಬಚ್ಚಿಟ್ಟುಕೊಂಡು, ಚಿತ್ರ ತೆಗೆಯಲು ನಿಷೇಧವಿದ್ದ ಬರ್ಲಿನ್ನಿನ ನ್ಯಾಯಾಲಯ ಹೊಕ್ಕರು. 1930ರ ಹೇಗ್ ಸಮ್ಮೇಳನದಲ್ಲಿ ನಡುರಾತ್ರಿ ಕಳೆದ ಮೇಲೆ ಕುರ್ಚಿಗೊರಗಿದ್ದ ದಣಿದ ಮಂತ್ರಿಗಳನ್ನು ದೀಪದ ಬೆಳಕಿನಲ್ಲೇ ಸೆರೆಹಿಡಿದರು. ಅಧಿಕಾರಸ್ಥರು ಮೈಮರೆತಾಗ ಹೇಗಿರುತ್ತಾರೆಂದು ಪತ್ರಿಕೆ ಓದುಗರು ಕಂಡದ್ದು ಹೀಗೆ.

ಇದಕ್ಕೆ ಬೆಲೆಯೂ ಇತ್ತು. ರಂಧ್ರ ಅಗಲವಾದಷ್ಟೂ ಸ್ಪಷ್ಟವಾಗಿ ಮೂಡುವ ಭಾಗದ ಆಳ ಕಡಿಮೆ. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಮುಖ ಮಸುಕು. ಗಾಜಿನ ಫಲಕಗಳನ್ನು ಒಂದೊಂದಾಗಿ ಬದಲಿಸಬೇಕಾಗಿದ್ದುದರಿಂದ ಕೂಡಲೇ ಮತ್ತೊಂದು ಯತ್ನವೂ ಸಾಧ್ಯವಿರಲಿಲ್ಲ.

ಯಹೂದಿಯಾಗಿದ್ದ ಸಾಲೊಮನ್ ನಾಜಿಗಳ ಆಳ್ವಿಕೆ ಬಂದಾಗ ನೆದರ್ಲೆಂಡ್ಸ್‌ಗೆ ಹೋದರು. ಅಲ್ಲಿಯೂ ಸಿಕ್ಕಿಬಿದ್ದು, 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಲೆಯಾದರು. ಯಾರ ನಿದ್ದೆಯನ್ನೂ ಕೆಡಿಸದೆ ಅವರು ತೆಗೆದ ಆ ಮಂತ್ರಿಗಳ ಚಿತ್ರ ಇಂದಿಗೂ ಉಳಿದಿದೆ.